ತರಗೆಲೆಯ ಪರವಾಗಿ ಎರಡು ಮಾತು

ಆಶ್ವಯುಜ ಮಾಸದ ಒಂದು ಮಧ್ಯಾಹ್ನ. ನಮ್ಮ ಇಂಗ್ಲಿಷ್ ಅಧ್ಯಾಪಕರು, ಷೆಲ್ಲಿ ಕವಿ 1819ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಬಳಿ ಕುಳಿತು ಬರೆದ ಪಡುವಣ ಗಾಳಿಯ ಕವನವನ್ನು ಪಾಠ ಮಾಡುತ್ತಿದ್ದರು. ಆಟಮ್ ಎಂದರೆ ಶರದೃತು, ಎಲೆ ಉದುರುವ ಕಾಲ ಎಂದು ನಾವೆಲ್ಲ ಬರೆದುಕೊಂಡೆವು. ಹಿಂದಿನ ಬೆಂಚಿನ ಮಿತ್ರನೊಬ್ಬ ಕಿಟಕಿಯಾಚೆಯ ಹೊಂಗೆಮರವನ್ನು ತೋರಿಸಿ, “ಒಂದೆಲೆಯೂ ಬಿದ್ದಿಲ್ಲವಲ್ಲ ಸಾರ್!” ಎಂದ. ತರಗತಿಗೆ ತರಗತಿಯೇ ನಕ್ಕಿತು. ಅಧ್ಯಾಪಕರೂ ನಕ್ಕು, “ನಮ್ಮ ಊರಿಗೆ ಷೆಲ್ಲಿ ಮಾಘದಲ್ಲಿ ಬರುತ್ತಾನಪ್ಪ, ಕಾದಿರು” ಎಂದರು.

ಅವರು ಹೇಳಿದ್ದು ನಗೆಮಾತಾದರೂ ನಿಜವಾದ ಮಾತು. ನಮ್ಮಲ್ಲಿ ಶರತ್ಕಾಲವೆಂದರೆ ಮಳೆ ನಿಂತು, ರಾಗಿ ತೆನೆಗಟ್ಟಿ, ಮರಗಳೆಲ್ಲ ತುಂಬುಹಸುರಿನಲ್ಲಿರುವ ಕಾಲ. ಎಲೆ ಉದುರುವುದು ಶಿಶಿರದಲ್ಲಿ, ಮಾಘ ಫಾಲ್ಗುಣಗಳಲ್ಲಿ. ಶೀತದೇಶದ ಮರ ಹಗಲು ಕಿರಿದಾಗಿ ಚಳಿ ಏರುವುದನ್ನು ಕಂಡು ಎಲೆ ಕಳಚಿದರೆ, ನಮ್ಮ ಮರ ಮುಂದೆ ಬರುವ ನೀರಿನ ಬರವನ್ನು ಕಂಡು ಕಳಚುತ್ತದೆ. ಎಲೆ ಇದ್ದಷ್ಟೂ ಅದರ ಮೂಲಕ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಆದ್ದರಿಂದ ಮರವು ಮೊದಲು ಎಲೆಯಲ್ಲಿರುವ ಸಾರವನ್ನು ಕೈಲಾದಷ್ಟು ಕೊಂಬೆಗೆ ಹಿಂದೆಗೆದುಕೊಳ್ಳುತ್ತದೆ. ಹಸುರು ಅಳಿದು ಹಳದಿ ಕಾಣುತ್ತದೆ. ಆಮೇಲೆ ತೊಟ್ಟಿನ ಬುಡದಲ್ಲಿ ತೆಳುವಾದ ಒಂದು ಪದರ ಬೆಳೆದು ಎಲೆ ತಾನಾಗಿ ಕಳಚಿಕೊಳ್ಳುತ್ತದೆ. ಇದು ಮನೆವಾರ್ತೆ ಬಲ್ಲ ಗೃಹಿಣಿಯ ಜಾಣತನ. ಯುಗಾದಿಯ ಹೊತ್ತಿಗೆ ಅದೇ ಹೊಂಗೆ, ಅದೇ ಅರಳಿ, ಅದೇ ಬೇವು ಹೊಸ ಚಿಗುರಿನಲ್ಲಿ ನಿಂತಿರುತ್ತವೆ. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತದೆಂಬ ಗಾದೆ ಹುಟ್ಟಿದ್ದು ನಮ್ಮ ಶಿಶಿರದಲ್ಲಿಯೇ ಇರಬೇಕು.

ಮಾಘ ಬಂದಿತು. ಸಹಪಾಠಿಗಳು ಕೆಲವರು ಕೂಡಿ ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಹಳೇಬೀಡಿಗೂ, ಅಲ್ಲಿಂದ 16 ಕಿಲೋಮೀಟರ್ ದೂರದ ಬೇಲೂರಿಗೂ ಹೋದೆವು. ಹೊಯ್ಸಳೇಶ್ವರನ ಗೋಡೆಯ ಬುಡದಲ್ಲಿ ಆನೆಯ ಸಾಲು, ಸಿಂಹದ ಸಾಲು, ಅದರ ಮೇಲೆ ಬಳ್ಳಿಯ ಸಾಲು. ಬೇಲೂರಿನಲ್ಲಿ ಅನೇಕ ಮದನಿಕೆಯರ ತಲೆಯ ಮೇಲೆ ಎಲೆಬಳ್ಳಿಗಳ ಚಪ್ಪರ. 1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ಗುಡಿಯಲ್ಲಿ ಬಳಪದ ಕಲ್ಲಿನ ಎಲೆ ಒಂಬೈನೂರು ವರ್ಷ ಕಳೆದರೂ ಉದುರಿಲ್ಲ. ನಾವು ಕತ್ತು ನೋಯುವವರೆಗೆ ನೋಡಿದೆವು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸಂಗತಿಯನ್ನು ಹೆಮ್ಮೆಯಿಂದ ಮಾತನಾಡಿಕೊಂಡೆವು. ಹೊರಗೆ ಬಂದರೆ ಬೀದಿಯ ಬದಿಯಲ್ಲಿ ತರಗೆಲೆಯನ್ನು ರಾಶಿ ಮಾಡಿ ಮರದ ಬುಡದಲ್ಲಿಯೇ ಬೆಂಕಿ ಹಚ್ಚಿದ್ದರು. ಹೊಗೆಗೆ ಕಣ್ಣು ಉರಿದು ಬೇಗ ಬೇಗ ಬಸ್ಸು ಹತ್ತಿದೆವು. ಕಲ್ಲಿನ ಎಲೆಗೆ ಕೈಮುಗಿಯುವ ನಮಗೆ ನಿಜವಾದ ಎಲೆ ಕಸವಾಯಿತೆ ಎಂಬ ಯೋಚನೆ ಮನೆ ಸೇರುವವರೆಗೂ ನನ್ನನ್ನು ಬಿಡಲಿಲ್ಲ.

ಹಾಗೆಂದು ಬೇರೆಯವರನ್ನು ದೂರುವ ಹಕ್ಕು ನನಗಿಲ್ಲ. ಅರಸೀಕೆರೆಯ ನಮ್ಮ ಮನೆಯ ಮುಂದೆ ಒಂದು ಹೊಂಗೆಮರವಿತ್ತು. ಶಿಶಿರದಲ್ಲಿ ದಿನಬೆಳಗಾದರೆ ಅಂಗಳದ ತುಂಬ ಎಲೆ. ಅಮ್ಮ ಬಾಗಿಲಿಗೆ ನೀರು ಹಾಕುವ ಮುಂಚೆ ಅದನ್ನು ಗುಡಿಸುವ ಕೆಲಸ ನನ್ನದು. ಹೈಸ್ಕೂಲಿನ ಕೊನೆಯ ವರ್ಷ ಪರೀಕ್ಷೆಯ ನೆಪ ಹೇಳಿ, “ಅಪ್ಪಾ, ಈ ಮರ ತೆಗೆಸಿಬಿಡು” ಎಂದು ದುಂಬಾಲು ಬಿದ್ದವನು ನಾನೇ. “ಎಲೆ ಬೀಳದ ಮರ ಬೇಕಾದರೆ ಗೋಡೆ ಮೇಲೆ ಚಿತ್ರ ಬರೆದುಕೊಳ್ಳೋ ಮಗ” ಎಂದಳು ಅಜ್ಜಿ. ಮರ ಕಡಿಯಲು ಅನುಮತಿ ಬೇಕೆಂಬುದು ನಮಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಕೇಳುತ್ತಿದ್ದೆವೋ ಇಲ್ಲವೋ, ಹೇಳಲಾರೆ. ಒಂದು ಬೆಳಗಿನಲ್ಲಿ ಕೆಲಸ ಮುಗಿಯಿತು. ಆ ಬೇಸಿಗೆಯಲ್ಲಿ, ಮಧ್ಯಾಹ್ನ ಮರದ ಕೆಳಗೆ ಬುಟ್ಟಿ ಇಳಿಸಿ ಕೂರುತ್ತಿದ್ದ ಸೊಪ್ಪು ಮಾರುವ ಮುದುಕಿ ನಮ್ಮ ಬೀದಿಗೆ ಬರುವುದನ್ನು ಬಿಟ್ಟಳು. ಮುಂದಿನ ಕೋಣೆಯ ಗೋಡೆ ರಾತ್ರಿ ಹತ್ತಾದರೂ ಆರುತ್ತಿರಲಿಲ್ಲ. ದಿನವೂ ಮೂರು ಗಂಟೆಗೆ ಜಗಲಿಯ ಮೇಲೆ ಕೂರುತ್ತಿದ್ದ ಅಜ್ಜಿ ಬಿಸಿಲು ತಾಳಲಾರದೆ ಒಳಗೆ ಸೇರಿದಳು. ಮರುವರ್ಷದ ಮಾಘದಲ್ಲಿ ಅಜ್ಜಿ ಇರಲಿಲ್ಲ. ಅಂಗಳ ಚೊಕ್ಕಟವಾಗಿತ್ತು.

ಎಲೆಯಿಂದ ತೊಂದರೆಯೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಚರಂಡಿ ಕಟ್ಟಿಕೊಳ್ಳುತ್ತದೆ ಎನ್ನುತ್ತಾರೆ, ದಿಟ. ಆದರೆ ಎಲೆ ಬೀಳುವುದು ಮಾಘ ಫಾಲ್ಗುಣಗಳಲ್ಲಿ, ಭರಣಿ ಮಳೆ ಬರುವುದು ಏಪ್ರಿಲ್ ತಿಂಗಳ ಕೊನೆಗೆ. ನಡುವೆ ಬಿಡುವನ್ನು ಪ್ರಕೃತಿಯೇ ಕೊಟ್ಟಿರುವಾಗ ಗುಡಿಸದೆ ಕುಳಿತದ್ದು ಮರದ ತಪ್ಪೆ? ಒಣಗಿದ ಕೊಂಬೆ ತಲೆಯ ಮೇಲೆ ಬೀಳುತ್ತದೆ, ತಂತಿಗೆ ತಗಲುತ್ತದೆ ಎಂಬುದೂ ನಿಜ. ಅದಕ್ಕೆ ಕೊಂಬೆ ಸವರಬೇಕೇ ಹೊರತು ಬುಡಕ್ಕೆ ಕೊಡಲಿ ಹಾಕಬಾರದು. ಇನ್ನು ಸುಡುವ ವಿಚಾರ. ಘನತ್ಯಾಜ್ಯದ ಬಗೆಗಿನ 2016ರ ನಿಯಮಗಳು ಕಸವನ್ನು ಬೀದಿಯಲ್ಲಿ ಸುಡಬಾರದೆಂದು ಹೇಳಿದವು. ನಿಯಮ ಬರುವ ಮೊದಲೇ ನಮ್ಮ ರೈತರು ಇದನ್ನು ಬಲ್ಲರು. ಬೇಲೂರು ಸೀಮೆಯ ಕಾಫಿ ತೋಟಕ್ಕೆ ಹೋಗಿ ನೋಡಿ: ಉದುರಿದೆಲೆಯೇ ಅಲ್ಲಿ ನೆಲದ ಹೊದಿಕೆ, ಅದೇ ಗೊಬ್ಬರ. ನಮ್ಮ ಅರಸೀಕೆರೆಯ ಬಯಲಿನಲ್ಲಿ ತೆಂಗಿನ ಬುಡದ ತೇವ ಆರದಿರಲೆಂದು ತರಗು ಮುಚ್ಚುತ್ತಾರೆ. ಹಳ್ಳಿಯಲ್ಲಿ ಐಶ್ವರ್ಯವಾದದ್ದು ಪಟ್ಟಣದ ಬೀದಿಗೆ ಬಂದ ಕೂಡಲೆ ಕಸವಾಗುವುದು ವಿಚಿತ್ರವಲ್ಲವೆ?

ಮರವನ್ನು ಉಳಿಸಲು ಕಾನೂನು ಇಲ್ಲದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಆದರೆ ಕೇಳುವವರಿಲ್ಲದ ಕಡೆ ಕಾನೂನು ಕಾಗದದಲ್ಲಿಯೇ ಇರುತ್ತದೆ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 2019ರಲ್ಲಿ ರಸ್ತೆ ಅಗಲ ಮಾಡುವಾಗ ಆ ಮರಗಳಿಗೆ ಕುತ್ತು ಬಂದಿತು. ಆಗ ಅವರು ಸರ್ಕಾರದ ಬಳಿಗೆ ಹೋಗಿ ಮರಗಳಿಗಾಗಿ ಬೇಡಿಕೊಂಡರು; ಬೇರೆ ದಾರಿ ಹುಡುಕುವ ಮಾತನ್ನು ಸರ್ಕಾರವೂ ಆಡಬೇಕಾಯಿತು. ಅಕ್ಷರ ಬಾರದ ತಾಯಿಯೊಬ್ಬರು ಕೇಳಿದ ಪ್ರಶ್ನೆಯನ್ನು ಪದವಿಗೆ ಓದುವ ನಾವು ನಮ್ಮ ಬೀದಿಯ ಮರಕ್ಕಾಗಿ ಏಕೆ ಕೇಳಬಾರದು?

ಅಧ್ಯಾಪಕ ವರ್ಗದ ಹಾಗೂ ವಿದ್ಯಾರ್ಥಿ ಮಿತ್ರರ ಮುಂದೆ ನನ್ನದೊಂದು ಸಣ್ಣ ಸಲಹೆಯಿದೆ. ನಮ್ಮ ಕಾಲೇಜಿನ ಅಂಗಳದ ಮೂಲೆಯಲ್ಲಿ ಒಂದು ಗುಂಡಿ ತೋಡೋಣ. ಉದುರಿದ ಎಲೆಯನ್ನೆಲ್ಲ ಅದರಲ್ಲಿ ತುಂಬಿ, ಸಗಣಿಯ ಬಗ್ಗಡ ಹಾಕಿ, ಆಗಾಗ ನೀರು ಚಿಮುಕಿಸಿ ಮಗುಚೋಣ. 1950ರಲ್ಲಿ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವ ಪ್ರತಿವರ್ಷವೂ ಜುಲೈ ತಿಂಗಳಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಗುಂಡಿಯಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಸಸಿ ನೆಟ್ಟು ಚಿತ್ರ ತೆಗೆಸಿಕೊಂಡು ಮರೆಯುವ ಬದಲು, ಪ್ರತಿ ತರಗತಿಯೂ ಒಂದೊಂದು ಸಸಿಯ ಹೊಣೆ ಹೊತ್ತು, ಪದವಿ ಮುಗಿಯುವವರೆಗೆ ನೀರೆರೆಯಲಿ.

ನಾನಂತೂ ಮನೆಯ ಮುಂದೆ ಹಳೆಯ ಬುಡದ ಪಕ್ಕದಲ್ಲಿ ಒಂದು ಹೊಂಗೆಯ ಸಸಿ ನೆಟ್ಟಿದ್ದೇನೆ. ಈಗ ಮೊಣಕಾಲೆತ್ತರ ಇದೆ. ಈ ಮಾಘದಲ್ಲಿ ಅದು ಏಳೆಂಟು ಎಲೆ ಉದುರಿಸಿತು. ಅಂಗಳ ಗುಡಿಸುವ ಕೆಲಸ ಈಗಲೂ ನನ್ನದೇ. ಆ ಎಲೆಗಳನ್ನು ಗುಡಿಸಿ ಅದರ ಬುಡಕ್ಕೇ ಹಾಕಿದೆ.