ಕುಂದಗೋಳದ ಲೆಕ್ಕಕ್ಕೆ ಸೇರದ ಪ್ಲೇಟುಗಳು

ಕುಂದಗೋಳದ ಸಂಗೀತದ ಕಥೆಯನ್ನು ನಾವು ಸವಾಯಿ ಗಂಧರ್ವರಿಂದ ಆರಂಭಿಸಿ ಖ್ಯಾಲಿನಲ್ಲೇ ಮುಗಿಸುತ್ತ ಬಂದಿದ್ದೇವೆ. ಗ್ರಾಮಫೋನಿನ ಲಘು ಹಾಡಿಗೂ ಅದರಲ್ಲಿ ದೊಡ್ಡ ಪಾಲಿದೆ.

1932ರಲ್ಲಿ ಮುಂಬಯಿಯ ಎಚ್.ಎಂ.ವಿ. ಕಂಪನಿ ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ ಅವರನ್ನು ಹಾಡಲು ಕರೆಸಿಕೊಂಡಾಗ ಅವರಿಗಿನ್ನೂ 19 ವರ್ಷ. ಪ್ಲೇಟಿನ ಮೇಲೆ ಅಚ್ಚಾದದ್ದು ‘ಗಾಂಧಾರಿ’ ಎಂಬ ಹೆಸರು, ಜೊತೆಗೆ ಹುಬ್ಬಳ್ಳಿ. ಅರಗಿನ ಆ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಅಷ್ಟರಲ್ಲೇ ಹಾಡು ಎತ್ತಬೇಕು, ಅಂತರಾ ಮುಟ್ಟಬೇಕು, ಮುಗಿಸಬೇಕು. ಮುಂದೆ ಜಿ.ಎನ್. ಜೋಶಿ ಅವರೊಡನೆ ಹಾಡಿದ ಮರಾಠಿ ಭಾವಗೀತೆಯಂತೂ ಮನೆಮಾತಾಯಿತು. ಆ ಪ್ಲೇಟುಗಳಲ್ಲಿ ಇರುವುದು ತೆಳುವಾದ, ಎತ್ತರದ ಹೆಣ್ಣುದನಿ. ಟಾನ್ಸಿಲ್ ಚಿಕಿತ್ಸೆಯ ನಂತರ ಬಂದ ಗಡಸು ಕಂಠವನ್ನಷ್ಟೇ ಕೇಳಿದವರು ಇದು ಅವರದೇ ಎಂದರೆ ನಂಬಲಾರರು.

ಆಗ ಹಾಡುಗಳಿಗೆ ಮೊದಲ ಸ್ಥಾನ, ಎರಡನೆಯ ಸ್ಥಾನ ಎಂಬ ಪಟ್ಟಿ ಇರಲಿಲ್ಲ. ಮುಂದೆ ಅಂಥ ಪಟ್ಟಿ ಕೊಟ್ಟ ಸಿಲೋನ್ ರೇಡಿಯೋದ ಬಿನಾಕಾ ಗೀತಮಾಲಾ ಶುರುವಾದದ್ದೇ 1952ರಲ್ಲಿ. ಹಾಡು ಗೆದ್ದಿತೋ ಸೋತಿತೋ ಎಂಬುದು ಅಂಗಡಿ ಮುಂದೆ ನಿಂತು ಕೇಳುವವರಿಂದ ಗೊತ್ತಾಗುತ್ತಿತ್ತು. ಶಾಲೆಯಿಂದ ಬರುತ್ತ ಹಾಗೆ ನಿಂತು ಕೇಳಿದವರು ಬಾಲಕಿ ಗಂಗೂಬಾಯಿ. ಗದಗಿನ ಹುಡುಗ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ಪ್ಲೇಟು ಕೇಳಿ 1933ರಲ್ಲಿ ಮನೆಯನ್ನೇ ಬಿಟ್ಟರು. ಗುರುವನ್ನು ಹುಡುಕುತ್ತ ಉತ್ತರದ ಊರೂರು ಅಲೆದು, 1936ರಲ್ಲಿ ಕುಂದಗೋಳದಲ್ಲಿ ಖಾನರ ಶಿಷ್ಯ ಸವಾಯಿ ಗಂಧರ್ವರ ಮನೆ ಸೇರಿದರು. ಗುರುವಿನ ಮನೆಗೆ ನೀರು ಹೊತ್ತು ಪಾಠ ಕಲಿತರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದ ಗಂಗೂಬಾಯಿ ಅಲ್ಲಿ ಅವರ ಗುರುಭಗಿನಿ. ಮೂರು ನಿಮಿಷದ ಒಂದು ಠುಮರಿ ಮುಂದೆ ಭಾರತರತ್ನವಾಗುವ ಹುಡುಗನನ್ನು ಕುಂದಗೋಳಕ್ಕೆ ತಂದಿತೆಂದರೆ, ಇದಕ್ಕಿಂತ ದೊಡ್ಡ ಗೆಲುವನ್ನು ಯಾವ ಪಟ್ಟಿ ಕೊಟ್ಟೀತು?

1945ರ ಸುಮಾರಿಗೆ ಗಂಗೂಬಾಯಿ ಲಘು ಹಾಡು ಬಿಟ್ಟು ರಾಗಸಂಗೀತಕ್ಕೇ ನಿಂತರು. ಅವರ ಸಾಧನೆಗೆ ಅದೇ ಸರಿಯಾದ ದಾರಿ. ಅವರು ಬಿಟ್ಟರೆಂದು ನಾವು ಆ ಹಾಡುಗಳನ್ನು ಕೀಳಾಗಿ ಕಂಡದ್ದು ಮಾತ್ರ ತಪ್ಪು. ಒಬ್ಬ ಮಹಾಗಾಯಕಿಯ ಮೊದಲ ಕಂಠಕ್ಕೆ ಅವು ಸಾಕ್ಷಿ.

ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ನಡೆಯುತ್ತದೆ. ಅದರಲ್ಲಿ ಒಂದು ತಾಸು ಈ ಹಳೆಯ ಧ್ವನಿಮುದ್ರಣಗಳಿಗೆ ಸಿಗಲಿ. ಅಣ್ಣಿಗೇರಿ, ನವಲಗುಂದ, ಕಲಘಟಗಿಯ ಹಳೆಯ ಮನೆಗಳ ಅಟ್ಟದಲ್ಲಿ ಪ್ಲೇಟು ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಲೇಬಲಿನ ಮೇಲಿನ ನಂಬರು, ಹಾಡಿನ ಹೆಸರು ಬರೆದಿಟ್ಟುಕೊಳ್ಳಿ; ತಿಳಿದವರ ಕೈಯಲ್ಲಿ ಕೊಟ್ಟು ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ.