ಹಳೆಯ ಹೈ-ಫೈ ಯಂತ್ರಗಳ ದುರಸ್ತಿ: ಹೊಣೆ ಯಾರದು?

ಕೆಟ್ಟ ವಸ್ತುವನ್ನು ದುರಸ್ತಿ ಮಾಡಿಸಿಕೊಳ್ಳುವುದು ಗ್ರಾಹಕನ ಹಕ್ಕು ಎಂಬ ತತ್ವವನ್ನು ಕೇಂದ್ರ ಸರಕಾರವು ಕೆಲವು ವರ್ಷಗಳಿಂದ ಒಪ್ಪಿಕೊಂಡು ಬಂದಿದೆ. 2022ರ ಜುಲೈಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಯು ಇದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿತು. ಕೃಷಿ ಯಂತ್ರಗಳು, ಮೊಬೈಲ್ ಫೋನುಗಳು, ಗೃಹೋಪಯೋಗಿ ಸಾಮಗ್ರಿಗಳು ಮತ್ತು ವಾಹನಗಳು ಅದರ ವಿಚಾರಕ್ಕೆ ಒಳಪಟ್ಟವು. 2025ರ ಮೇ ತಿಂಗಳಲ್ಲಿ ಮತ್ತೊಂದು ಸಮಿತಿಯು ತನ್ನ ವರದಿಯನ್ನು ಒಪ್ಪಿಸಿ, ಯಾವ ವಸ್ತುವನ್ನು ಎಷ್ಟು ಸುಲಭವಾಗಿ ದುರಸ್ತಿ ಮಾಡಿಸಬಹುದೆಂಬುದನ್ನು ಕೊಳ್ಳುವ ಮೊದಲೇ ತಿಳಿಸುವ ‘ದುರಸ್ತಿ ಸೂಚ್ಯಂಕ’ವೊಂದನ್ನು ಸೂಚಿಸಿತು. ಇದು ಸ್ವಾಗತಾರ್ಹವಾದ ಹೆಜ್ಜೆ. ಆದರೆ ಈ ಸೂಚ್ಯಂಕವು ಮೊದಲಿಗೆ ಅನ್ವಯವಾಗತಕ್ಕದ್ದು ಮೊಬೈಲ್ ಫೋನು ಮತ್ತು ಟ್ಯಾಬ್ಲೆಟುಗಳಿಗೆ. ಮನೆಮನೆಯಲ್ಲಿ ದಶಕಗಳ ಕಾಲ ಬಾಳತಕ್ಕ ಆಂಪ್ಲಿಫಯರ್, ರೆಕಾರ್ಡ್ ಪ್ಲೇಯರ್, ಕ್ಯಾಸೆಟ್ ಡೆಕ್, ಸ್ಪೀಕರ್ ಮೊದಲಾದ ಧ್ವನಿಯಂತ್ರಗಳ ಸರದಿ ಯಾವಾಗ ಬರುವುದೆಂಬುದಕ್ಕೆ ಉತ್ತರವಿಲ್ಲ.

ಹೈ-ಫೈ ಎಂದರೆ ಧನಿಕರ ವಿನೋದ, ಅದರ ಚಿಂತೆ ಹೊಟೇಲು ಕಾರ್ಮಿಕನಿಗೂ ಗುಮಾಸ್ತನಿಗೂ ಏಕೆ ಎಂದು ಕೆಲವರು ಕೇಳಬಹುದು. ವಸ್ತುಸ್ಥಿತಿ ಹಾಗಿಲ್ಲ. ಹಳೆಯ ಯಂತ್ರವು ಕೆಟ್ಟರೆ ಹೊಸದನ್ನು ತಂದಿಡುವುದು ಧನಿಕನಿಗೆ ಕಷ್ಟವಲ್ಲ. ಒಂದು ವರ್ಷದ ಬೋನಸ್ ಹಣದಿಂದಲೋ ಕಂತಿನ ಮೇಲೋ ಸ್ಟೀರಿಯೋ ಕೊಂಡು, ದಿನದ ದುಡಿಮೆಯ ತರುವಾಯ ಯಕ್ಷಗಾನದ ಕ್ಯಾಸೆಟ್ಟನ್ನೋ ದಾಸರ ಪದಗಳನ್ನೋ ಕೇಳಿ ಊರಿನ ನೆನಪನ್ನು ಉಳಿಸಿಕೊಂಡವನಿಗೆ ಮಾತ್ರ ದುರಸ್ತಿಯ ವಿನಾ ಬೇರೆ ಗತಿಯಿಲ್ಲ. ಚೋರ್ ಬಜಾರಿನಲ್ಲಿ ಬಳಸಿದ ಯಂತ್ರವನ್ನು ಕೊಳ್ಳುವವನ ಪಾಡೂ ಅದೇ. ದುರಸ್ತಿಯ ಪ್ರಶ್ನೆ ಮುಖ್ಯವಾಗಿ ಅಲ್ಪ ಆದಾಯದವರ ಪ್ರಶ್ನೆ.

ಈ ಯಂತ್ರಗಳು ಹಳತಾದಂತೆ ಕೆಡುವುದು ಹೇಗೆಂಬುದನ್ನು ಸ್ವಲ್ಪ ವಿಚಾರಿಸೋಣ. ಆಂಪ್ಲಿಫಯರಿನ ಒಳಗಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಲ್ಲಿನ ದ್ರವವು ಕಾಲಕ್ರಮದಲ್ಲಿ ಒಣಗುತ್ತದೆ. ಆಗ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಕೇಳಿಬರುತ್ತದೆ. ಶಾಖವು 10 ಡಿಗ್ರಿಯಷ್ಟು ಕಡಿಮೆಯಾದರೆ ಈ ಕೆಪಾಸಿಟರಿನ ಆಯುಷ್ಯವು ಸುಮಾರು ಎರಡು ಪಟ್ಟಾಗುವುದೆಂಬುದು ಇಂಜಿನಿಯರರು ಒಪ್ಪಿರುವ ಸ್ಥೂಲ ಲೆಕ್ಕ. ಆದುದರಿಂದ ಹೊಟೇಲಿನ ಒಲೆಯ ಮಗ್ಗುಲಲ್ಲಿ ಅಥವಾ ಗಾಳಿಯಾಡದ ಕಪಾಟಿನಲ್ಲಿ ಆಂಪ್ಲಿಫಯರನ್ನು ಇರಿಸುವುದು ಅದರ ಆಯುಷ್ಯವನ್ನು ನಾವೇ ಕತ್ತರಿಸಿದಂತೆ. ಇನ್ನು ಕ್ಯಾಸೆಟ್ ಡೆಕ್ಕಿನ ರಬ್ಬರ್ ಬೆಲ್ಟು ಸಡಿಲಾಗುತ್ತದೆ, ಇಲ್ಲವೆ ಕರಗಿ ಅಂಟಾಗುತ್ತದೆ. ಸ್ಪೀಕರಿನ ಅಂಚಿನ ಫೋಮು ಪುಡಿಯಾಗುತ್ತದೆ. ಧ್ವನಿಯ ಗುಂಡಿಯೊಳಗೆ ಧೂಳು ಸೇರಿ ಕರಕರ ಸದ್ದು ಹುಟ್ಟುತ್ತದೆ. ಇವುಗಳಲ್ಲಿ ಬಹುತೇಕ ದೋಷಗಳಿಗೆ ಬೇಕಾದ ಬಿಡಿಭಾಗವು ಬೆಲೆಬಾಳತಕ್ಕದ್ದಲ್ಲ. ಬೇಕಾಗಿರುವುದು ಬಲ್ಲವನ ಕೈ ಮತ್ತು ಆ ಯಂತ್ರದ ನಕ್ಷೆ.

ಈ ಎರಡೂ ಈಗ ದುರ್ಲಭವಾಗುತ್ತಿವೆ. ಹಿಂದಿನ ಕಾಲದಲ್ಲಿ ರೇಡಿಯೋದೊಂದಿಗೋ ಟೇಪ್ ರೆಕಾರ್ಡರಿನೊಂದಿಗೋ ಅದರ ಒಳ ಜೋಡಣೆಯ ನಕ್ಷೆಯೂ ದೊರೆಯುವುದಿತ್ತು. ಬಿಡಿಭಾಗಗಳಿಗೂ ದೂರ ಹೋಗಬೇಕಾಗಿರಲಿಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೋ ವಾಲ್ವುಗಳನ್ನೂ ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು; ದೇಶದ ದುರಸ್ತಿಗಾರರಿಗೆ ದೇಶದಲ್ಲೇ ಮಾಡಿದ ಭಾಗಗಳು ದೊರೆತವು. ಬಳಿಕ ಬಂದ ಯಂತ್ರಗಳಲ್ಲಿ ಹತ್ತಾರು ಭಾಗಗಳ ಕೆಲಸವನ್ನು ಒಂದೇ ಸಂಯುಕ್ತ ಬಿಲ್ಲೆಗೆ ವಹಿಸಲಾಯಿತು. ಜಪಾನಿನ ಸಾನ್ಯೊ ಕಂಪೆನಿಯ ಎಸ್‌ಟಿಕೆ ಎಂಬ ಬಿಲ್ಲೆಗಳು ಅಸಂಖ್ಯ ಆಂಪ್ಲಿಫಯರುಗಳ ಹೃದಯವಾಗಿದ್ದವು. ಸಾನ್ಯೊವಿನ ಆ ವಿಭಾಗವು 2011ರಲ್ಲಿ ಅಮೆರಿಕದ ಕಂಪೆನಿಯೊಂದರ ಪಾಲಾಯಿತು. ಇಂದು ಅದೇ ಹೆಸರು ಹೊತ್ತ ನಕಲಿ ಬಿಲ್ಲೆಗಳು ಪೇಟೆಯಲ್ಲಿ ಧಾರಾಳವಾಗಿವೆ. ಹಣ ತೆತ್ತು ಹಾಕಿಸಿದ ನಕಲಿ ಭಾಗವು ಬೇಗನೆ ಸುಟ್ಟುಹೋಗಿ, ತನ್ನೊಂದಿಗೆ ಸ್ಪೀಕರನ್ನೂ ಸುಡುವುದುಂಟು. ಆಗ ಮೂಗಿಗಿಂತ ಮೂಗುತಿಯೇ ಭಾರವಾಗುತ್ತದೆ.

ಕಂಪೆನಿಗಳ ಒಡೆತನವು ಕೈಬದಲಾಗುತ್ತಿರುವುದು ಇನ್ನೊಂದು ತೊಡಕು. ಪಯೋನಿಯರ್ ಕಂಪೆನಿಯ ಗೃಹ ಧ್ವನಿಯಂತ್ರ ವಿಭಾಗವು 2015ರಲ್ಲಿ ಓಂಕ್ಯೊವನ್ನು ಸೇರಿತು. 2021ರಲ್ಲಿ ಓಂಕ್ಯೊ ಆ ವ್ಯಾಪಾರವನ್ನು ಇತರರಿಗೆ ಮಾರಿತು. 2022ರಲ್ಲಿ ತಾನೇ ದಿವಾಳಿಯೆದ್ದಿತು. ಡೆನನ್ ಮತ್ತು ಮರಾಂಟ್ಸ್ ಎಂಬ ಪ್ರಸಿದ್ಧ ಹೆಸರುಗಳು 2017ರಲ್ಲಿ ಸೌಂಡ್ ಯುನೈಟೆಡ್ ಎಂಬ ಸಂಸ್ಥೆಗೂ, 2022ರಲ್ಲಿ ವೈದ್ಯಕೀಯ ಉಪಕರಣಗಳ ತಯಾರಕರಾದ ಮಾಸಿಮೊ ಸಂಸ್ಥೆಗೂ, 2025ರಲ್ಲಿ ಸ್ಯಾಮ್‌ಸಂಗಿನ ಅಧೀನದಲ್ಲಿರುವ ಹರ್ಮನ್ ಸಂಸ್ಥೆಗೂ ಸೇರಿದವು. 1947ರಲ್ಲಿ ಹುಟ್ಟಿದ ಸಾನ್ಸುಯಿ ಕಂಪೆನಿಯು 2014ರಲ್ಲಿ ದಿವಾಳಿಯಾಯಿತು. ಅದರ ಹೆಸರು ಮಾತ್ರ ನಮ್ಮ ದೇಶದಲ್ಲಿ ಬೇರೆಯವರ ವಸ್ತುಗಳ ಮೇಲೆ ಅಚ್ಚಾಗುತ್ತ ಉಳಿಯಿತು. ಹಳೆಯ ಸಾನ್ಸುಯಿ ಆಂಪ್ಲಿಫಯರನ್ನು ಹೊತ್ತು ಅದೇ ಹೆಸರಿನ ಫಲಕದ ಅಂಗಡಿಗೆ ಹೋದವನಿಗೆ ತಾಯಿ ಸತ್ತ ಮೇಲೆ ತವರಿಲ್ಲ ಎಂಬ ಗಾದೆಯ ಅರ್ಥವಾಗದೆ ಇರದು.

ಇದಕ್ಕಿಂತಲೂ ವಿಚಿತ್ರವಾದುದು ಕೆಡದ ಯಂತ್ರವನ್ನೇ ಕೆಟ್ಟದ್ದಾಗಿಸುವ ಹೊಸ ಪದ್ಧತಿ. ಅಂತರಜಾಲದ ಆಸರೆಯಿಂದ ನಡೆಯುವ ಸ್ಪೀಕರುಗಳಿಗೆ ತಯಾರಕನು ತಂತ್ರಾಂಶವನ್ನು ನಿಲ್ಲಿಸಿದರೆ, ಒಂದು ತಂತಿಯೂ ತುಂಡಾಗದೆ ಅವು ಮೂಕವಾಗಬಹುದು. 2020ರಲ್ಲಿ ಅಮೆರಿಕದ ಸೋನೋಸ್ ಕಂಪೆನಿಯು ತನ್ನ ಹಳೆಯ ಮಾದರಿಗಳಿಗೆ ಹೊಸ ತಂತ್ರಾಂಶ ಕೊಡುವುದಿಲ್ಲವೆಂದು ಸಾರಿದಾಗ ಗಿರಾಕಿಗಳು ಸಿಟ್ಟಿಗೆದ್ದರು. ಕಂಪೆನಿಯ ಮುಖ್ಯಸ್ಥರು ಕ್ಷಮೆ ಯಾಚಿಸಬೇಕಾಯಿತು. 2025ರ ಅಕ್ಟೋಬರದಲ್ಲಿ ಬೋಸ್ ಕಂಪೆನಿಯು ತನ್ನ ಸೌಂಡ್‌ಟಚ್ ಸ್ಪೀಕರುಗಳ ಅಂತರಜಾಲ ಸೇವೆಯನ್ನು ಮುಗಿಸುವುದಾಗಿ ಪ್ರಕಟಿಸಿತು. ಆಕ್ಷೇಪಗಳು ಬಂದ ಮೇಲೆ ಅವಧಿಯನ್ನು ಮುಂದೂಡಿ, ಇತರರು ಆ ಸ್ಪೀಕರುಗಳನ್ನು ನಡೆಸಿಕೊಂಡು ಹೋಗಲು ಬೇಕಾದ ತಾಂತ್ರಿಕ ವಿವರಗಳನ್ನು ಬಹಿರಂಗಪಡಿಸಿತು. ಈ ಕೊನೆಯ ಕ್ರಮವು ನಮ್ಮ ದೃಷ್ಟಿಯಲ್ಲಿ ಮೇಲ್ಪಂಕ್ತಿಯಾಗತಕ್ಕದ್ದು. ತಾನು ನಡೆಸಲಾರೆನೆಂದಾಗ ಬೀಗದ ಕೈಯನ್ನು ಇತರರಿಗೆ ಕೊಡುವುದು ಮರ್ಯಾದೆಯ ಮಾರ್ಗ.

ಪರದೇಶಗಳ ಕಾನೂನುಗಳನ್ನು ನೋಡಿದರೂ ಪೂರ್ಣ ಸಮಾಧಾನ ದೊರೆಯದು. ಯುರೋಪಿನ ಒಕ್ಕೂಟವು 2024ರಲ್ಲಿ ಅಂಗೀಕರಿಸಿ, 2026ರ ಜುಲೈ 31ರಿಂದ ಅನ್ವಯವಾಗತಕ್ಕದ್ದೆಂದು ಗೊತ್ತುಪಡಿಸಿದ ದುರಸ್ತಿ ನಿರ್ದೇಶನದಲ್ಲಿ ಬಟ್ಟೆ ಒಗೆಯುವ ಯಂತ್ರ, ಶೀತಕಪಾಟು, ಟೆಲಿವಿಷನ್, ಮೊಬೈಲ್ ಮುಂತಾದವುಗಳ ಪಟ್ಟಿಯಿದೆ, ಆಂಪ್ಲಿಫಯರಿನ ಹೆಸರಿಲ್ಲ. ಕ್ಯಾಲಿಫೋರ್ನಿಯದ ಕಾನೂನು 2024ರ ಜುಲೈ 1ರಿಂದ ಜಾರಿಯಲ್ಲಿದ್ದು, 100 ಡಾಲರಿಗೂ ಮೇಲ್ಪಟ್ಟ ಸಗಟು ಬೆಲೆಯ ಎಲೆಕ್ಟ್ರಾನಿಕ್ ಸಾಮಗ್ರಿಗಳ ತಯಾರಿಕೆ ನಿಂತ ಮೇಲೂ 7 ವರ್ಷಗಳ ಕಾಲ ಬಿಡಿಭಾಗ, ಉಪಕರಣ ಮತ್ತು ಕೈಪಿಡಿಗಳನ್ನು ಒದಗಿಸಬೇಕೆಂದು ವಿಧಿಸುತ್ತದೆ. ಆದರೆ 2021ರ ಜುಲೈಗೆ ಹಿಂದಿನ ಯಂತ್ರಗಳಿಗೆ ಅದರ ರಕ್ಷಣೆಯಿಲ್ಲ. ಮೂವತ್ತು ನಲವತ್ತು ವರ್ಷ ಬಾಳುವ ವಸ್ತುವಿಗೆ ಏಳು ವರ್ಷದ ಆಸರೆ ಆರಂಭ ಮಾತ್ರ.

ನಮ್ಮ ದೇಶದಲ್ಲಿ ದಾರಿ ಮುಚ್ಚಿಲ್ಲ. ಬಿಡಿಭಾಗಗಳನ್ನೂ ತಾಂತ್ರಿಕ ಕೈಪಿಡಿಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ದೊರೆಯದಂತೆ ಮಾಡಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗವು 2014ರಲ್ಲಿ 14 ಕಾರು ಕಂಪೆನಿಗಳಿಗೆ ದಂಡ ವಿಧಿಸಿತು. ದಂಡದ ವಿಷಯ ಮೇಲ್ಮನವಿಗೆ ಹೋಯಿತಾದರೂ, ಮಾರಿದ ವಸ್ತುವಿನ ದುರಸ್ತಿಯನ್ನು ತನ್ನೊಬ್ಬನ ಏಕಸ್ವಾಮ್ಯವಾಗಿಸಿಕೊಳ್ಳುವುದು ಪ್ರಶ್ನಾರ್ಹವೆಂಬುದು ಅಲ್ಲಿ ಸ್ಪಷ್ಟವಾಯಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಆಂಪ್ಲಿಫಯರುಗಳೂ ಹೈ-ಫೈ ರೆಕಾರ್ಡರುಗಳೂ ಇವೆ. ಯಂತ್ರವು ಕಸವಾದಾಗ ತಯಾರಕನ ಹೊಣೆಯನ್ನು ನೆನೆಯುವ ಸರಕಾರವು, ಅದು ಕಸವಾಗದಂತೆ ಉಳಿಸುವ ಹೊಣೆಯನ್ನೂ ನೆನೆಯಬೇಕಲ್ಲವೆ?

ಕಂಪೆನಿಗಳ ಪಕ್ಷದಲ್ಲಿಯೂ ಮಾತಿಲ್ಲವೆಂದಲ್ಲ. ಎಂದೋ ನಿಂತುಹೋದ ಮಾದರಿಯ ಭಾಗಗಳನ್ನು ಸದಾಕಾಲ ಗೋದಾಮಿನಲ್ಲಿ ಇಟ್ಟುಕೊಳ್ಳುವುದು ವೆಚ್ಚದ ಮಾತು. ಅರಿಯದವರು ಯಂತ್ರವನ್ನು ಬಿಚ್ಚಿದರೆ ಅಪಾಯವೂ ಉಂಟು. ಪ್ಲಗ್ಗನ್ನು ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ನಾವು ಕೇಳುವುದು ಅಸಾಧ್ಯವಾದುದನ್ನಲ್ಲ. ಎಷ್ಟು ವರ್ಷ ಬಿಡಿಭಾಗ ದೊರೆಯುವುದೆಂಬುದನ್ನು ಮಾರುವಾಗಲೇ ಬರೆದುಕೊಡಬೇಕು. ಆ ಅವಧಿ ಮುಗಿದಂದು ನಕ್ಷೆ ಮತ್ತು ಕೈಪಿಡಿಗಳನ್ನು ಎಲ್ಲರಿಗೂ ಬಿಟ್ಟುಕೊಡಬೇಕು. ಹೆಸರನ್ನು ಕೊಳ್ಳುವವನು ಆ ಹೆಸರಿನ ಹಳೆಯ ಗಿರಾಕಿಗಳ ಹೊಣೆಯನ್ನೂ ಕೊಳ್ಳಬೇಕು. ಇವು ಸಾಧ್ಯವೆಂಬುದಕ್ಕೆ ದೃಷ್ಟಾಂತವೂ ಇದೆ. ಸ್ಕಾಟ್ಲೆಂಡಿನ ಲಿನ್ ಕಂಪೆನಿಯು 1970ರ ದಶಕದ ಆರಂಭದಿಂದ ಮಾಡುತ್ತ ಬಂದ ರೆಕಾರ್ಡ್ ಪ್ಲೇಯರಿಗೆ, ತರುವಾಯದ ಸುಧಾರಿತ ಭಾಗಗಳು ಹಳೆಯ ಯಂತ್ರಕ್ಕೂ ಹೊಂದುವಂತೆ ನೋಡಿಕೊಂಡಿದೆ.

ಸರಕಾರವು ಕಣ್ತೆರೆಯುವ ತನಕ ನಮ್ಮ ವಾಚಕರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ದುರಸ್ತಿಗೆ ಕೊಡುವಾಗ ಯಂತ್ರದ ಮಾದರಿ, ದೋಷ ಮತ್ತು ಅಂದಾಜು ವೆಚ್ಚವನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ. ತೆಗೆದ ಹಳೆಯ ಭಾಗವನ್ನು ಮರಳಿ ಕೇಳಿರಿ. ಬಿಲ್ಲು ಪಡೆಯದೆ ಹಣ ಕೊಡಬೇಡಿರಿ; ಬಿಲ್ಲು ಕೊಡದಿರುವುದು 2019ರ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಊರು ಬಿಟ್ಟು ದುಡಿಯುವ ನಮ್ಮವರಿಗೆ ಈ ಕಾಯಿದೆಯಲ್ಲಿ ಇನ್ನೊಂದು ಅನುಕೂಲವೂ ಇದೆ. ವಸ್ತುವನ್ನು ಮಂಗಳೂರಿನಲ್ಲಿ ಕೊಂಡಿದ್ದರೂ, ತಾನು ವಾಸಿಸುವ ಅಥವಾ ದುಡಿಯುವ ಮುಂಬಯಿಯ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ತೆತ್ತ ಹಣವು 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಕಾರಣ ಒದಗಿದ 2 ವರ್ಷಗಳೊಳಗೆ ದೂರು ಕೊಡಬೇಕು. 1915 ಎಂಬ ಸಂಖ್ಯೆಗೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನೆರವು ದೊರೆಯುತ್ತದೆ.

ಕೊನೆಯದಾಗಿ ಒಂದು ಮಾತು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದಿಲ್ಲಿಯ ಲಜಪತರಾಯ್ ಮಾರ್ಕೆಟ್, ಬೆಂಗಳೂರಿನ ಎಸ್.ಪಿ. ರಸ್ತೆ ಇಲ್ಲೆಲ್ಲ ಕಾವಿಗೆಯನ್ನು ಹಿಡಿದು ಹಳೆಯ ಯಂತ್ರಕ್ಕೆ ಜೀವ ತುಂಬಬಲ್ಲ ಕುಶಲರು ಇನ್ನೂ ಇದ್ದಾರೆ. ಅವರಲ್ಲಿ ಅನೇಕರು ವಯಸ್ಸಾದವರು. ಬಳಿಯಲ್ಲಿ ಕಲಿಯುವ ಹುಡುಗರು ವಿರಳ. ನಕ್ಷೆಯನ್ನು ಕಾನೂನಿನಿಂದ ಪಡೆಯಬಹುದು. ಅದನ್ನು ಓದಬಲ್ಲ ಕೈಯನ್ನು ಕಾನೂನು ಕೊಡಲಾರದು. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದುವ ಪರಂಪರೆ ನಮ್ಮವರಿಗೆ ಹೊಸದಲ್ಲ. ನಮ್ಮ ಸಂಘಗಳು ವಾರ್ಷಿಕೋತ್ಸವದ ವೆಚ್ಚದಲ್ಲಿ ಒಂದು ಪಾಲನ್ನು ಉಳಿಸಿ, ಇಂತಹ ಹಿರಿಯ ಕುಶಲರನ್ನು ವಾರಕ್ಕೆರಡು ದಿನ ಕರೆಸಿ ತರಗತಿ ನಡೆಸಿದರೆ, ಹತ್ತು ಮಂದಿ ತರುಣರಿಗೆ ಸ್ವತಂತ್ರವಾದ ಕಸುಬು ದೊರೆತೀತು. ಸರಕಾರವು ಸೂಚ್ಯಂಕದ ಮುಂದಿನ ಹಂತದಲ್ಲಿ ಧ್ವನಿಯಂತ್ರಗಳನ್ನು ಸೇರಿಸಲಿ. ಈ ತರಗತಿಗಳನ್ನು ತೆರೆಯಲು ನಮ್ಮ ಸಂಘಗಳು ಅದಕ್ಕಾಗಿ ಕಾಯಬೇಕಾಗಿಲ್ಲ.