ಇಲಿಬೋನು ಮತ್ತು ಮರೆತುಹೋದ ಬಾಲಕ

ಅಗಾಥಾ ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ ನಾಟಕದ ಮಾತು ಬಂದಾಗಲೆಲ್ಲ ಮೊದಲು ಎದುರಾಗುವುದು ಅಂಕಿಸಂಖ್ಯೆಗಳು. 1952ರ ಅಕ್ಟೋಬರ್ 6ರಂದು ನಾಟಿಂಗ್‌ಹ್ಯಾಮ್‌ನ ಥಿಯೇಟರ್ ರಾಯಲ್‌ನಲ್ಲಿ ಅದರ ಮೊದಲ ಪ್ರದರ್ಶನವಾಯಿತು. ನವೆಂಬರ್ 25ರಂದು ಅದು ಲಂಡನ್ನಿನ ಅಂಬಾಸಡರ್ಸ್ ರಂಗಮಂದಿರಕ್ಕೆ ಬಂತು. 1974ರ ಮಾರ್ಚ್‌ನಲ್ಲಿ ಪಕ್ಕದಲ್ಲೇ ಇರುವ ಸೇಂಟ್ ಮಾರ್ಟಿನ್ಸ್‌ಗೆ ಸ್ಥಳಾಂತರಗೊಂಡಿತಾದರೂ ಆಟ ಮುರಿಯಲಿಲ್ಲ. 2012ರ ನವೆಂಬರ್ 18ರಂದು 25,000ನೆಯ ಪ್ರದರ್ಶನ ನಡೆಯಿತು. ಕೊನೆಗೆ ಅದನ್ನು ನಿಲ್ಲಿಸಿದ್ದು 2020ರ ಮಾರ್ಚ್‌ನ ಮಹಾಮಾರಿ; 2021ರ ಮೇ 17ರಂದು ಪರದೆ ಮತ್ತೆ ಮೇಲೆದ್ದಿತು. ನಿರ್ಮಾಪಕ ಪೀಟರ್ ಸಾಂಡರ್ಸ್ ಹದಿನಾಲ್ಕು ತಿಂಗಳು ಓಡೀತು ಎಂದಾಗ, ಅಷ್ಟೆಲ್ಲ ಎಲ್ಲಿ, ಎಂಟು ತಿಂಗಳು ನಡೆದರೆ ಹೆಚ್ಚು ಎಂದು ಲೇಖಕಿ ಅಂದಾಜು ಮಾಡಿದ್ದರಂತೆ.

ಈ ಅಂಕಿಗಳ ಬಗ್ಗೆ ನನಗೆ ತಕರಾರಿಲ್ಲ. ನಾಟಕವೊಂದು ಏಳು ದಶಕಗಳ ಕಾಲ ಪ್ರೇಕ್ಷಕರನ್ನು ಕರೆತರುತ್ತದೆಂದರೆ ಅದರ ಕಟ್ಟೋಣದಲ್ಲಿ ಸತ್ವ ಇರಲೇಬೇಕು. ನನ್ನ ತಕರಾರು ಬೇರೆ. ಈ ನಾಟಕದ ರಂಗಚರಿತ್ರೆಯನ್ನು ನಾವು ಹೇಳಿಕೊಂಡು ಬಂದಿರುವುದು ದಾಖಲೆಯ ಕಥೆಯಾಗಿ ಮತ್ತು ಗುಟ್ಟಿನ ಕಥೆಯಾಗಿ. ಈ ಎರಡು ಕಥೆಗಳ ನಡುವೆ ನಾಟಕಕ್ಕೆ ಮೂಲವಾದ ಒಂದು ಸಾವು ಕಾಣದಂತಾಗಿದೆ.

ಆ ಸಾವು ಸಂಭವಿಸಿದ್ದು 1945ರ ಜನವರಿ 9ರಂದು, ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಮಿನ್‌ಸ್ಟರ್ಲಿ ಬಳಿಯ ಒಂದು ಒಂಟಿ ಹೊಲಮನೆಯಲ್ಲಿ. ಸತ್ತವನು ಡೆನಿಸ್ ಓನೀಲ್ ಎಂಬ ಹನ್ನೆರಡು ವರ್ಷದ ಹುಡುಗ. ವೇಲ್ಸ್‌ನ ನ್ಯೂಪೋರ್ಟ್ ಪಟ್ಟಣದವನು. ಹೆತ್ತವರಿಂದ ಬೇರ್ಪಡಿಸಿ ಸರ್ಕಾರಿ ಪಾಲನೆಗೆ ತೆಗೆದುಕೊಂಡ ಅವನನ್ನೂ ಅವನ ತಮ್ಮ ಟೆರೆನ್ಸ್‌ನನ್ನೂ ಅಧಿಕಾರಿಗಳು ಈ ಮನೆಯ ದಂಪತಿಗಳ ಸುಪರ್ದಿಗೆ ಕೊಟ್ಟಿದ್ದರು. ಹಸಿವು, ಚಳಿ, ಹೊಡೆತ ಇವುಗಳಲ್ಲಿ ಹುಡುಗ ಸತ್ತ. ಸಾಕುತಂದೆಗೆ ನರಹತ್ಯೆಯ ಆರೋಪದ ಮೇಲೆ ಆರು ವರ್ಷ, ಅವನ ಹೆಂಡತಿಗೆ ನಿರ್ಲಕ್ಷ್ಯದ ಆರೋಪದ ಮೇಲೆ ಆರು ತಿಂಗಳು ಸೆರೆವಾಸವಾಯಿತು. ಅಣ್ಣನಿಗಾದದ್ದನ್ನು ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದವನು ಬಾಲಕ ಟೆರೆನ್ಸ್. ಮಕ್ಕಳನ್ನು ಆ ಮನೆಗೆ ಕಳಿಸಿದ ವ್ಯವಸ್ಥೆ ಎಲ್ಲಿ ತಪ್ಪಿತೆಂದು ವಿಚಾರಿಸಲು ಸರ್ ವಾಲ್ಟರ್ ಮಾಂಕ್ಟನ್ ಅವರನ್ನು ನೇಮಿಸಲಾಯಿತು. ಮೇಲ್ವಿಚಾರಣೆ ಇರಬೇಕಾದ ಕಡೆ ಇರಲಿಲ್ಲವೆಂಬುದು ಬಯಲಾಯಿತು. ಬ್ರಿಟನ್ನಿನ 1948ರ ಮಕ್ಕಳ ಕಾಯಿದೆಯ ಹಿನ್ನೆಲೆಯಲ್ಲಿ ಈ ಪ್ರಕರಣ ಎಬ್ಬಿಸಿದ ಕಳವಳವೂ ಇದೆ.

ಇದಾದ ಎರಡು ವರ್ಷಕ್ಕೆ ಬಿ.ಬಿ.ಸಿ. ರಾಜಮಾತೆ ಮೇರಿಯವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಏನು ಪ್ರಸಾರ ಮಾಡಲೆಂದು ಕೇಳಿತು. ಅವರು ಬಯಸಿದ್ದು ಕ್ರಿಸ್ಟಿಯವರ ಒಂದು ನಾಟಕವನ್ನು. ಹೀಗೆ ಹುಟ್ಟಿದ ಅರ್ಧಗಂಟೆಯ ಬಾನುಲಿ ನಾಟಕ ‘ತ್ರೀ ಬ್ಲೈಂಡ್ ಮೈಸ್’ 1947ರ ಮೇ 30ರಂದು ಪ್ರಸಾರವಾಯಿತು. ಅದೇ ಮುಂದೆ ಕಥೆಯಾಗಿ, ಬಳಿಕ ರಂಗನಾಟಕವಾಗಿ ಬೆಳೆಯಿತು. ರಂಗಕ್ಕೆ ಬರುವ ಹೊತ್ತಿಗೆ ಲೇಖಕಿ ಅದರ ಹಕ್ಕನ್ನು ಮೊಮ್ಮಗ ಮ್ಯಾಥ್ಯೂ ಪ್ರಿಚರ್ಡ್‌ಗೆ ಒಂಬತ್ತನೆಯ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಟ್ಟರು. ಹದಿಮೂರನೆಯ ಹುಟ್ಟುಹಬ್ಬ ಕಾಣದೆ ಹೋದ ಒಬ್ಬ ಹುಡುಗನ ಕಥೆ ಎರಡು ಸಲ ಇನ್ನೊಬ್ಬರ ಹುಟ್ಟುಹಬ್ಬದ ಉಡುಗೊರೆಯಾಯಿತು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೂ ಓದುವಾಗ ಮನಸ್ಸು ಒಂದು ಕ್ಷಣ ತಡೆಯುತ್ತದೆ.

ನಾಟಕದ ಗುಟ್ಟನ್ನು ಒಡೆಯದೆಯೇ ಅದರ ವಸ್ತುವನ್ನು ಹೇಳಬಹುದು. ಹಿಮಪಾತದಲ್ಲಿ ಹೊರಜಗತ್ತಿನ ಸಂಪರ್ಕ ಕಡಿದುಹೋದ ಒಂದು ಅತಿಥಿಗೃಹ, ಅದನ್ನು ಹೊಸದಾಗಿ ತೆರೆದ ಯುವ ದಂಪತಿ, ಐವರು ಅತಿಥಿಗಳು, ಹಿಮದ ಮೇಲೆ ಜಾರುತ್ತ ಬರುವ ಒಬ್ಬ ಪೊಲೀಸ್ ಸಾರ್ಜೆಂಟ್. ಲಂಡನ್ನಿನಲ್ಲಿ ಆಗಲೇ ಒಬ್ಬಳ ಕೊಲೆಯಾಗಿದೆ. ವರ್ಷಗಳ ಹಿಂದೆ ಲಾಂಗ್‌ರಿಜ್ ಎಂಬ ಹೊಲಮನೆಯಲ್ಲಿ ಮೂವರು ಮಕ್ಕಳನ್ನು ಹಿಂಸಿಸಿದ್ದವಳು ಅವಳು; ಆ ಮಕ್ಕಳಲ್ಲೊಂದು ಸತ್ತಿತ್ತು. ಮೊದಲ ಅಂಕದಲ್ಲೇ ತಿಳಿಯುವ ಮತ್ತೊಂದು ಸಂಗತಿಯಿದೆ: ಅತಿಥಿಗಳಲ್ಲೊಬ್ಬರಾದ ಮಿಸೆಸ್ ಬಾಯ್ಲ್, ಆ ಮಕ್ಕಳನ್ನು ಅಲ್ಲಿಗೆ ಕಳುಹಿಸಲು ಆಜ್ಞೆ ಮಾಡಿದ್ದ ಮ್ಯಾಜಿಸ್ಟ್ರೇಟ್. ನಡೆದದ್ದಕ್ಕೆ ತಾನು ಹೊಣೆಯೆಂದು ಆಕೆ ಒಪ್ಪುವುದಿಲ್ಲ.

ನನ್ನ ಓದಿನಲ್ಲಿ ನಾಟಕದ ತಿರುಳು ಇರುವುದು ಇಲ್ಲಿ. ಕೊಂದವರು ಯಾರು ಎಂಬುದು ಕಥನದ ಪ್ರಶ್ನೆ. ಕಡತಕ್ಕೆ ಸಹಿ ಹಾಕಿ ಕೈತೊಳೆದುಕೊಂಡವರ ಪಾಲು ಎಷ್ಟು ಎಂಬುದು ನೈತಿಕ ಪ್ರಶ್ನೆ. 1952ರ ಪ್ರೇಕ್ಷಕನಿಗೆ ಈ ಎರಡನೆಯದು ಕೇಳಿಸದಿರಲು ಸಾಧ್ಯವಿರಲಿಲ್ಲ. ಏಳು ವರ್ಷಗಳ ಹಿಂದಿನ ಪತ್ರಿಕೆಗಳ ಸುದ್ದಿ ಅವನ ನೆನಪಿನಲ್ಲಿತ್ತು. ಆಹಾರದ ಪಡಿತರ ಇನ್ನೂ ಜಾರಿಯಲ್ಲಿದ್ದ ನಾಡಿನಲ್ಲಿ ಹಸಿದ ಮಗುವಿನ ಚಿತ್ರ ದೂರದ್ದಾಗಿರಲಿಲ್ಲ. ಶೀರ್ಷಿಕೆಯೂ ಅದನ್ನೇ ಸೂಚಿಸುತ್ತಿತ್ತು. ಹಳೆಯ ಹೆಸರಿನ ಬೇರೊಂದು ನಾಟಕ ಇದ್ದುದರಿಂದ ಹೊಸ ಹೆಸರು ಬೇಕಾದಾಗ ‘ಮೌಸ್‌ಟ್ರ್ಯಾಪ್’ ಎಂದು ಸೂಚಿಸಿದವರು ಕ್ರಿಸ್ಟಿಯವರ ಅಳಿಯ ಆಂಟನಿ ಹಿಕ್ಸ್. ಅದು ಬಂದದ್ದು ‘ಹ್ಯಾಮ್ಲೆಟ್’ನಿಂದ. ತಂದೆಯನ್ನು ಕೊಂದ ದೊರೆಯೆದುರು ರಾಜಕುಮಾರ ಆಡಿಸುವ ನಾಟಕಕ್ಕೆ ಅವನೇ ಇಡುವ ಹೆಸರು ಇಲಿಬೋನು. ಸಭೆಯಲ್ಲಿ ಕುಳಿತ ಅಪರಾಧಿಯ ಮನಸ್ಸಾಕ್ಷಿಯನ್ನು ಹಿಡಿಯುವುದು ಅದರ ಕೆಲಸ. ಹಾಗಾದರೆ ಕ್ರಿಸ್ಟಿಯವರ ಬೋನು ಯಾರಿಗಾಗಿ ಇಟ್ಟದ್ದು? ಉತ್ತರ ರಂಗದ ಮೇಲೆ ಮಾತ್ರವಲ್ಲ, ಪ್ರೇಕ್ಷಾಗೃಹದಲ್ಲೂ ಕುಳಿತಿತ್ತು.

ನಂತರದ ದಶಕಗಳಲ್ಲಿ ಈ ಬೋನಿನ ಹಲ್ಲು ಹೇಗೆ ಮೊಂಡಾಯಿತು? ಎರಡು ಕಾರಣ ಕಾಣುತ್ತವೆ.

ಮೊದಲನೆಯದು ದಾಖಲೆಯ ಮೋಹ. 1958ರಲ್ಲಿ ಬ್ರಿಟಿಷ್ ರಂಗಭೂಮಿಯ ಅತಿ ದೀರ್ಘ ಓಟದ ಪ್ರದರ್ಶನವೆಂಬ ಪಟ್ಟ ಸಿಕ್ಕ ಮೇಲೆ, ನಾಟಕವನ್ನು ಮುಂದುವರಿಸಲು ಅದು ಮುಂದುವರಿಯುತ್ತಿದೆ ಎಂಬುದೇ ಸಾಕಾದ ಕಾರಣವಾಯಿತು. ನಟರು ಬದಲಾದರು, ರಂಗಸಜ್ಜಿಕೆ ಹೊಸದಾಯಿತು. ಮೊದಲ ದಿನದಿಂದ ಉಳಿದಿರುವ ಒಂದು ಗಡಿಯಾರವನ್ನು ಇಂದಿಗೂ ಹೆಮ್ಮೆಯಿಂದ ತೋರಿಸುತ್ತಾರೆ. ಡೇವಿಡ್ ರೇವನ್ ಮೇಜರ್ ಮೆಟ್‌ಕಾಫ್‌ನ ಪಾತ್ರವನ್ನು 4,575 ಬಾರಿ ಮಾಡಿದರು. ಮೊದಲ ಸಾರ್ಜೆಂಟ್ ಆಗಿದ್ದ ರಿಚರ್ಡ್ ಅಟೆನ್‌ಬರೋ ನಾಟಕದ ಲಾಭದಲ್ಲಿ ಪಾಲು ಪಡೆದಿದ್ದರು. ಉಳಿದಿದ್ದ ಪಾಲನ್ನು ಮುಂದೆ ‘ಗಾಂಧಿ’ ಚಿತ್ರದ ಖರ್ಚಿಗಾಗಿ ಮಾರಿದರು. ಇವೆಲ್ಲ ಸ್ವಾರಸ್ಯಕರ ಸಂಗತಿಗಳೇ. ಆದರೆ ಪುನರಾವರ್ತನೆಯೇ ಮೌಲ್ಯವಾದಾಗ ಕೃತಿ ಸಮಕಾಲೀನ ಪ್ರಶ್ನೆಯಾಗಿ ಉಳಿಯದೆ ವಸ್ತುಸಂಗ್ರಹಾಲಯದ ಪ್ರದರ್ಶಿಕೆಯಾಗುತ್ತದೆ. ಲಂಡನ್ ನೋಡಲು ಬಂದವರು ಗೋಪುರ, ಸೇತುವೆಗಳ ಜೊತೆಗೆ ಇದನ್ನೂ ನೋಡಿ ಹೋಗುತ್ತಾರೆ.

ಎರಡನೆಯದು ಗುಟ್ಟಿನ ಕಟ್ಟಳೆ. ಆಟ ಮುಗಿದ ಮೇಲೆ ನಟರು ಮುಂದೆ ಬಂದು, ಕೊಲೆಗಾರ ಯಾರೆಂಬುದನ್ನು ಹೊರಗೆ ಹೇಳಬೇಡಿರೆಂದು ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ. ಲಂಡನ್ನಿನ ಓಟ ಮುಗಿಯುವ ತನಕ ಮೂಲಕಥೆಯನ್ನು ಬ್ರಿಟನ್ನಿನಲ್ಲಿ ಅಚ್ಚು ಮಾಡಬಾರದೆಂಬುದು ಲೇಖಕಿಯ ಇಚ್ಛೆ. ಓಟ ಮುಗಿದು ಆರು ತಿಂಗಳಾಗದೆ ಚಲನಚಿತ್ರ ಮಾಡುವಂತಿಲ್ಲವೆಂಬುದು ಹಕ್ಕಿನ ಷರತ್ತು. ಪತ್ತೇದಾರಿ ನಾಟಕಕ್ಕೆ ಈ ಸೌಜನ್ಯ ಸಲ್ಲಬೇಕಾದದ್ದೇ. ಆದರೆ ಪೂರ್ತಿಯಾಗಿ ಚರ್ಚಿಸಲಾಗದ ಕೃತಿಗೆ ಪೂರ್ತಿಯಾದ ವಿಮರ್ಶೆಯೂ ಹುಟ್ಟುವುದಿಲ್ಲ. ಪ್ರೇಕ್ಷಕ ಉತ್ತರವನ್ನು ಬಚ್ಚಿಟ್ಟುಕೊಳ್ಳುವಾಗ ಅದರ ಜೊತೆಗೆ ಪ್ರಶ್ನೆಯನ್ನೂ ಬಚ್ಚಿಟ್ಟುಬಿಡುತ್ತಾನೆ.

ನಮ್ಮ ಕಡೆಯ ಪ್ರೇಕ್ಷಕನಿಗೆ ಇದು ಸ್ವಲ್ಪ ವಿಚಿತ್ರವಾಗಿಯೇ ಕಾಣಬೇಕು. ‘ಕೀಚಕ ವಧೆ’ ಎಂದು ಪ್ರಸಂಗದ ಹೆಸರಿನಲ್ಲೇ ಸಾಯುವವನು ಯಾರೆಂದು ಸಾರಿಬಿಡುವ ಯಕ್ಷಗಾನಕ್ಕೆ ಜನ ರಾತ್ರಿಯಿಡೀ ಕುಳಿತದ್ದುಂಟು. ಅಂತ್ಯ ಗೊತ್ತಿದ್ದವನ ಗಮನ ಕಾರಣಗಳ ಕಡೆಗೆ ಹರಿಯುತ್ತದೆ: ಸೈರಂಧ್ರಿಯ ಮೊರೆಗೆ ಸಭೆ ಏಕೆ ಸುಮ್ಮನಿತ್ತು, ವಿರಾಟನ ಹೊಣೆ ಏನು? ಎರಡು ರಂಗಪರಂಪರೆಗಳನ್ನು ತೂಗಿ ಒಂದನ್ನು ಮೇಲೆಂದು ಹೇಳುವ ಉದ್ದೇಶ ನನ್ನದಲ್ಲ. ಅಚ್ಚರಿ ಕಳೆದ ಮೇಲೂ ನಾಟಕದಲ್ಲಿ ನೋಡಲು ಬಹಳ ಉಳಿದಿರುತ್ತದೆ, ‘ಮೌಸ್‌ಟ್ರ್ಯಾಪ್’ನಲ್ಲೂ ಉಳಿದಿದೆ ಎಂಬುದಷ್ಟೇ ನನ್ನ ಮಾತು.

ಇದಕ್ಕೆ ಎದುರಾಗಿ ಹೇಳಬಹುದಾದದ್ದು ಇದೆ. ಕ್ರಿಸ್ಟಿ ಸಮಾಜ ಸುಧಾರಕಿಯಾಗಿರಲಿಲ್ಲ; ರಂಜಿಸುವುದು ಅವರು ಆಯ್ದುಕೊಂಡ ಕೆಲಸ. ನೊಂದ ಕುಟುಂಬದ ಹೆಸರನ್ನು ಎಲ್ಲೂ ಬಳಸದೆ, ಪ್ರಕರಣವನ್ನು ಬದಲಿಸಿ ಕಲ್ಪನೆಯಾಗಿಸಿದ್ದು ಅವರ ಸಂಯಮವೂ ಹೌದು. ನಾಟಕದ ಹೆಸರಿನ ದತ್ತಿ ಸಂಸ್ಥೆಯೊಂದು ಅವಕಾಶವಂಚಿತ ಎಳೆಯರನ್ನು ರಂಗಭೂಮಿಯ ಹತ್ತಿರ ತರುವ ಕೆಲಸ ಮಾಡುತ್ತಿದೆ. ಇವನ್ನೆಲ್ಲ ಒಪ್ಪುತ್ತೇನೆ. ಆದರೆ 1952ರಲ್ಲಿ ಹೆಸರನ್ನು ಹೇಳದಿದ್ದುದಕ್ಕೂ ಇಂದು ಹೆಸರೇ ತಿಳಿಯದಿರುವುದಕ್ಕೂ ವ್ಯತ್ಯಾಸವಿದೆ. ಅಂದಿನ ಮೌನ ಎಲ್ಲರಿಗೂ ಗೊತ್ತಿದ್ದುದರ ಬಗೆಗಿನ ಮರ್ಯಾದೆ. ಇಂದಿನದು ಮರೆವು.

ಈ ಮರೆವಿನ ಅಳತೆ ಸಿಗುವುದು 2010ರಲ್ಲಿ. ಆ ವರ್ಷ ವಿಕಿಪೀಡಿಯ ನಾಟಕದ ಅಂತ್ಯವನ್ನು ಬಹಿರಂಗಪಡಿಸಿದೆಯೆಂದು ಪತ್ರಿಕೆಗಳಲ್ಲಿ ದೊಡ್ಡ ವಾದವೇ ನಡೆಯಿತು. ಲೇಖಕಿಯ ಕುಟುಂಬದವರು ಬೇಸರ ವ್ಯಕ್ತಪಡಿಸಿದರು. ಅದೇ ವರ್ಷ ಟೆರೆನ್ಸ್ ಓನೀಲ್, ಅಂದರೆ ಅಂದು ಸಾಕ್ಷಿ ಹೇಳಿದ ಆ ತಮ್ಮ, ತನ್ನ ಮತ್ತು ಅಣ್ಣನ ಕಥೆಯನ್ನು ಪುಸ್ತಕವಾಗಿ ಹೊರತಂದರು. ಕಲ್ಪಿತ ಕೊಲೆಗಾರನ ಹೆಸರು ಹೊರಬಿದ್ದುದಕ್ಕೆ ಎದ್ದ ಗದ್ದಲದ ಪಕ್ಕದಲ್ಲಿ, ಅರುವತ್ತೈದು ವರ್ಷಗಳ ನಂತರ ಬದುಕುಳಿದವನು ಹೇಳಿದ ನಿಜ ಒಂದು ಸಾಧಾರಣ ಪ್ರಕಟಣೆಯಾಗಿ ಬಂದು ಹೋಯಿತು.

ನಾಟಕವನ್ನು ನಿಲ್ಲಿಸಬೇಕೆಂದು ನಾನು ಕೇಳುವುದಿಲ್ಲ, ಗುಟ್ಟನ್ನು ಒಡೆಯಬೇಕೆಂದೂ ಅಲ್ಲ. ಸೇಂಟ್ ಮಾರ್ಟಿನ್ಸ್‌ನ ಪ್ರವೇಶಾಂಗಣದಲ್ಲಿ ಅಂದಿನದು ಎಷ್ಟನೆಯ ಪ್ರದರ್ಶನವೆಂದು ತೋರಿಸುವ ಮರದ ಹಲಗೆಯೊಂದಿದೆ. ಬಂದವರು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಆ ಹಲಗೆಯ ಪಕ್ಕದಲ್ಲಿ, ಅಷ್ಟೇ ಎದ್ದುಕಾಣುವಂತೆ, ಡೆನಿಸ್ ಓನೀಲ್ ಎಂಬ ಹೆಸರೂ 1945 ಎಂಬ ಇಸವಿಯೂ ಇರಲಿ. ಅದರಿಂದ ಯಾವ ಗುಟ್ಟೂ ರಟ್ಟಾಗುವುದಿಲ್ಲ. ಒಳಗೆ ಹೋಗಿ ಕುಳಿತವರು ಮಿಸೆಸ್ ಬಾಯ್ಲ್‌ಳ ಮಾತನ್ನು ಮಾತ್ರ ಬೇರೆ ಕಿವಿಯಿಂದ ಕೇಳಿಯಾರು.